ಐದು ವರ್ಷ ಇದ್ದ ಮನೆ ಬಿಟ್ಟ ಮೇಲೆ ಬಣ್ಣದ ಖರ್ಚು ಯಾರದು?

ಕಿಟಕಿಬೆಳಕು

ಐದು ವರ್ಷ ಎರಡು ತಿಂಗಳು ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಒಂದು ತಿಂಗಳೂ ಬಾಡಿಗೆ ತಪ್ಪಿಸಿದವರಲ್ಲ. ಖಾಲಿ ಮಾಡುವ ವಿಷಯವನ್ನು ಎರಡು ತಿಂಗಳು ಮೊದಲೇ ತಿಳಿಸಿದ್ದೆವು. ಕೀಲಿಕೈ ಒಪ್ಪಿಸಿದ ದಿನ ಮಾಲೀಕರು ಕೋಣೆ ಕೋಣೆ ಸುತ್ತಿ ನೋಡಿ, "ಎಲ್ಲ ಸರಿಯಾಗಿದೆ, ವಾರದೊಳಗೆ ಮುಂಗಡ ಕಳುಹಿಸುತ್ತೇನೆ" ಎಂದರು. ಐದು ವಾರ ಕಳೆದ ಮೇಲೆ ಬಂದದ್ದು ಮೂರರಲ್ಲಿ ಎರಡು ಪಾಲು. ಉಳಿದದ್ದನ್ನು ಇಡೀ ಮನೆಯ ಬಣ್ಣಕ್ಕೆ, ಅಡುಗೆಮನೆಯ ನಲ್ಲಿಗೆ, ಗೋಡೆಯ ಮೊಳೆ ತೂತುಗಳಿಗೆ ಹಿಡಿದುಕೊಂಡಿದ್ದೇನೆ ಎಂದು ಎರಡು ಸಾಲಿನ ಸಂದೇಶ. ರಸೀದಿ ಇಲ್ಲ, ಲೆಕ್ಕವೂ ಇಲ್ಲ.

ಮೊಳೆ ಹೊಡೆದದ್ದು ನಿಜ, ಹನ್ನೊಂದು ಮೊಳೆ. ನಲ್ಲಿ ನಾವು ಬಂದಾಗಲೇ ತೊಟ್ಟಿಕ್ಕುತ್ತಿತ್ತು. ಬಣ್ಣ ಮಾಸಿರುವುದೂ ನಿಜ, ಆದರೆ ಐದು ವರ್ಷ ಮನುಷ್ಯರು ಬಾಳಿದ ಮನೆ ಹೊಸದರಂತೆ ಇರುವುದು ಹೇಗೆ? ನಾವು ಮನೆ ಸೇರಿದಾಗ ಒಂದು ಫೋಟೊ ಸಹ ತೆಗೆದಿಟ್ಟಿಲ್ಲ. ಅದೇ ಈಗ ನನ್ನನ್ನು ಕೊರೆಯುತ್ತಿದೆ. ಕಾನೂನು ಏನು ಹೇಳುತ್ತದೆ ಎನ್ನುವುದಕ್ಕಿಂತ ನ್ಯಾಯ ಯಾವುದು ಎಂದು ತಿಳಿದವರು ಹೇಳಿ. ನನ್ನದೇ ತಪ್ಪಿದ್ದರೆ ಒಪ್ಪಿಕೊಳ್ಳುತ್ತೇನೆ.

ಹಳೆಬೀಗ

ಬಹಳ ವರ್ಷ ಸಿವಿಲ್ ನ್ಯಾಯಾಲಯಗಳಲ್ಲಿ ಬಾಡಿಗೆ ವ್ಯಾಜ್ಯಗಳನ್ನು ನಡೆಸಿದವನು ನಾನು. ನಿಮ್ಮ ಪ್ರಶ್ನೆಗೆ ಬಹುತೇಕ ದೇಶಗಳ ಕಾನೂನು ಒಂದೇ ದಿಕ್ಕಿನಲ್ಲಿ ಉತ್ತರ ಕೊಡುತ್ತದೆ: ಹಾನಿ ಬೇರೆ, ಸವಕಳಿ ಬೇರೆ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಿ. ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯಿಂದ ಆದ ಸವೆತಕ್ಕೆ ಮತ್ತು ತಡೆಯಲಾಗದ ಶಕ್ತಿಗಳಿಂದ ಆದ ಬದಲಾವಣೆಗೆ ಅವನು ಹೊಣೆಯಲ್ಲ ಎಂದು ಅದು ಹೇಳುತ್ತದೆ. ನೂರ ನಲವತ್ತು ವರ್ಷ ದಾಟಿದ ಮಾತು. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಕರಾರೇ ಮುಂದೆ ಬರುತ್ತದೆ, ಹಾಗಾಗಿ ಮೊದಲು ನಿಮ್ಮ ಕರಾರು ಪತ್ರದಲ್ಲಿ ಬಣ್ಣದ ಬಗ್ಗೆ ಏನಿದೆ ಎಂದು ಓದಿ.

ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿದ ಜಾಗದಲ್ಲಿ ಹೊಳಪು ಕಳೆದುಕೊಂಡ ನೆಲ, ಸಡಿಲವಾದ ಬಾಗಿಲಿನ ತಿರುಗಣೆ: ಇವೆಲ್ಲ ಸವಕಳಿ. ಒಡೆದ ಗಾಜು, ಗೋಡೆಯ ಮೇಲೆ ಮಗು ಬರೆದ ಬಣ್ಣದ ಗೀಟು, ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು: ಇವು ಹಾನಿ. ಹನ್ನೊಂದು ಮೊಳೆ ಈ ಎರಡರ ನಡುವೆ ನಿಲ್ಲುತ್ತದೆ. ಕ್ಯಾಲೆಂಡರ್, ಗಡಿಯಾರ ತೂಗುಹಾಕುವಷ್ಟು ಮೊಳೆಯನ್ನು ಸಾಮಾನ್ಯ ಬಳಕೆ ಎಂದೇ ನಾನು ಎಣಿಸುತ್ತೇನೆ. ಆದರೂ ತೂತು ಮುಚ್ಚಿ ಕೊಡುವುದು ಬಾಡಿಗೆದಾರನ ಮರ್ಯಾದೆ.

ಹಾನಿ ಎಂದು ಒಪ್ಪಿದರೂ ಪೂರ್ತಿ ಹೊಸ ಬಣ್ಣದ ಖರ್ಚನ್ನು ನಿಮ್ಮ ಮೇಲೆ ಹಾಕುವುದು ಸರಿಯಲ್ಲ. ಬಣ್ಣದ ಬಾಳಿಕೆ ಐದು ವರ್ಷ ಎಂದಿಟ್ಟುಕೊಳ್ಳಿ. ಮೂರನೆಯ ವರ್ಷದ ಕೊನೆಗೆ ನೀವು ಹಾಳು ಮಾಡಿದ್ದರೆ ಉಳಿದ ಎರಡು ವರ್ಷದ ಪಾಲು, ಎಂದರೆ ಐದರಲ್ಲಿ ಎರಡು ಭಾಗ ನಿಮ್ಮದು. ಐದು ವರ್ಷ ತುಂಬಿದ ಬಣ್ಣಕ್ಕೆ ಬೆಲೆ ಉಳಿದಿರುವುದಿಲ್ಲ. ನೀವು ಹೋಗದೇ ಇದ್ದರೂ ಅವರು ಆ ವರ್ಷ ಬಣ್ಣ ಬಳಿಸಲೇಬೇಕಿತ್ತು.

ಎರಡನೇಮಹಡಿ

ನಾನು ಮನೆ ಬಾಡಿಗೆಗೆ ಕೊಟ್ಟವನು. ಈ ಚರ್ಚೆಗಳಲ್ಲಿ ಮಾಲೀಕ ಎಂದರೆ ದುಡ್ಡು ನುಂಗುವವನು ಎಂಬ ಭಾವನೆ ಮೊದಲೇ ಬಂದುಬಿಟ್ಟಿರುತ್ತದೆ, ಆದ್ದರಿಂದ ನನಗೆ ಆದದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿದ್ದವರು ಕಡೆಯ ಮೂರು ತಿಂಗಳ ಬಾಡಿಗೆ ಕೊಡಲಿಲ್ಲ. "ಮುಂಗಡದಲ್ಲಿ ಹಿಡಿದುಕೊಳ್ಳಿ" ಎಂದರು. ಹಿಡಿದುಕೊಂಡೆ. ಖಾಲಿ ಮಾಡಿದ ಮೇಲೆ ಒಳಗೆ ಹೋದರೆ ಬಚ್ಚಲುಮನೆಯ ಗೋಡೆಯೊಳಗೆ ಕಪಾಟು ಕೂರಿಸಲು ಡ್ರಿಲ್ ಮಾಡಿ ನೀರಿನ ಪೈಪಿಗೆ ತೂತು ಬಿದ್ದಿದೆ. ಯಾವಾಗ ಬಿದ್ದದ್ದೋ, ಹೇಳಿರಲಿಲ್ಲ. ಒಸರಿದ ನೀರು ಕೆಳಗಿನ ಮನೆಯ ಚಾವಣಿಗೆ ಇಳಿದಿತ್ತು. ಗೋಡೆ ಒಡೆದು, ಪೈಪ್ ಬದಲಿಸಿ, ಕೆಳಮನೆಯವರ ಚಾವಣಿ ಸರಿಮಾಡಿಸುವಷ್ಟರಲ್ಲಿ ಮುಂಗಡದ ದುಡ್ಡು ಮುಗಿದುಹೋಗಿತ್ತು, ಉಳಿದದ್ದು ನನ್ನ ಕೈಯಿಂದ ಹೋಯಿತು. ಮುಂಗಡ ಇರುವುದು ಇಂಥದ್ದಕ್ಕೆ. ಅದನ್ನು ಕಡೆಯ ತಿಂಗಳುಗಳ ಬಾಡಿಗೆ ಎಂದು ಕಳೆದುಕೊಂಡುಬಿಟ್ಟರೆ ಮಾಲೀಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕಿಟಕಿಬೆಳಕು ಅವರೇ, ನಿಮ್ಮ ಮಾಲೀಕರು ರಸೀದಿ ಕೊಡದೆ ದುಡ್ಡು ಹಿಡಿದದ್ದು ತಪ್ಪು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಕಿಟಕಿಬೆಳಕು

ಎರಡನೇಮಹಡಿ ಅವರೇ, ಓದಿ ಬೇಸರವಾಯಿತು. ಕಡೆಯ ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಕಳೆದುಕೊಳ್ಳಿ ಎನ್ನುವ ಯೋಚನೆ ನಮಗೂ ಬಂದಿತ್ತು. ಮಾಡಲಿಲ್ಲ. ಈಗ ನೋಡಿದರೆ ಹಾಗೆ ಮಾಡಿದವರೇ ಜಾಣರು, ನಂಬಿದ ನಾವೇ ದಡ್ಡರು ಎನಿಸುತ್ತದೆ. ಹಾಗೆ ಅನಿಸುವಂತೆ ಆದದ್ದೇ ನನಗೆ ಹೆಚ್ಚು ನೋವು.

ಕರಾರು ಪತ್ರ ಹುಡುಕಿ ಓದಿದೆ. "ಮನೆಯನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು" ಎಂದಿದೆ, ಬಣ್ಣದ ಮಾತೇ ಇಲ್ಲ.

ಹಳೆಬೀಗ

ಸುಸ್ಥಿತಿ ಎಂದರೆ ಹೊಸ ಸ್ಥಿತಿ ಅಲ್ಲ. ಜರ್ಮನಿಯಲ್ಲಿ ಬಾಡಿಗೆದಾರರೇ ಕಾಲಕಾಲಕ್ಕೆ ಬಣ್ಣ ಬಳಿಸಬೇಕೆಂದು ಕರಾರಿನಲ್ಲಿ ಬರೆಯುವುದು ತುಂಬ ರೂಢಿಯಲ್ಲಿತ್ತು. ಮನೆ ಕೊಡುವಾಗಲೇ ಬಣ್ಣ ಮಾಸಿದ್ದು, ಅದಕ್ಕೆ ತಕ್ಕ ಪರಿಹಾರವನ್ನೂ ಕೊಡದಿದ್ದರೆ ಅಂಥ ಷರತ್ತು ನಿಲ್ಲುವುದಿಲ್ಲ ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು. ತಾನು ಪಡೆದದ್ದಕ್ಕಿಂತ ಒಳ್ಳೆಯ ಮನೆಯನ್ನು ಹಿಂದಿರುಗಿಸು ಎಂದು ಯಾರನ್ನೂ ಕೇಳಲಾಗದು ಎನ್ನುವುದು ಅದರ ತಿರುಳು.

ಭಾರತದ ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆಯೂ ಇದನ್ನು ಬಿಡಿಸಿ ಹೇಳುತ್ತದೆ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳಿಗೆ ಬಣ್ಣ, ಕಟ್ಟಡದ ದುರಸ್ತಿ, ಪೈಪ್ ಬದಲಾವಣೆ, ವಿದ್ಯುತ್ ತಂತಿಯ ಕೆಲಸ ಮಾಲೀಕರದು. ಚರಂಡಿ ಶುಚಿ, ಸ್ವಿಚ್ಚು, ನಲ್ಲಿಯ ವಾಷರ್, ಕಿಟಕಿಯ ಗಾಜು ಬಾಡಿಗೆದಾರರದು. ಅದು ಮಾದರಿ ಮಾತ್ರ, ಆಯಾ ರಾಜ್ಯ ಕಾಯ್ದೆ ಮಾಡಿಕೊಂಡರಷ್ಟೇ ಬಲ. ಆದರೂ ಹೊಸ ಕರಾರು ಬರೆಯುವಾಗ ಆ ಪಟ್ಟಿಯನ್ನು ನೋಡಿಕೊಂಡು ಬರೆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಈ ಲೆಕ್ಕದಲ್ಲಿ ನಿಮ್ಮ ನಲ್ಲಿ ಬರಿ ವಾಷರ್ ಸವೆದು ತೊಟ್ಟಿಕ್ಕುತ್ತಿದ್ದರೆ ಅದು ನಿಮ್ಮ ಪಾಲಿಗೇ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ತೇವದಗೋಡೆ

ವಿಷಯ ಸ್ವಲ್ಪ ಬದಲಿಸುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಏಳು ತಿಂಗಳಿಂದ ತೇವ. ಬೂಷ್ಟು ಹಿಡಿದಿದೆ, ಮಗುವಿಗೆ ಕೆಮ್ಮು ಬಿಡುತ್ತಿಲ್ಲ. ಮಾಲೀಕರಿಗೆ ಆರೇಳು ಸಲ ಹೇಳಿದ್ದೇನೆ, ಪ್ರತಿ ಸಲ "ಮುಂದಿನ ತಿಂಗಳು" ಎನ್ನುತ್ತಾರೆ. ಈ ತಿಂಗಳಿಂದ ಬಾಡಿಗೆ ನಿಲ್ಲಿಸಿಬಿಡೋಣ ಎಂದಿದ್ದೇನೆ. ಸರಿಯೇ?

ಹಳೆಬೀಗ

ದಯವಿಟ್ಟು ನಿಲ್ಲಿಸಬೇಡಿ. ಗೋಡೆಯ ವಿಷಯದಲ್ಲಿ ನ್ಯಾಯ ನಿಮ್ಮ ಕಡೆ ಇದೆ, ಬಾಡಿಗೆ ನಿಲ್ಲಿಸಿದ ಕ್ಷಣ ಅದನ್ನು ನೀವೇ ಕೈಯಾರೆ ಮಾಲೀಕರಿಗೆ ಕೊಟ್ಟಂತೆ. ನ್ಯಾಯಾಲಯದಲ್ಲಿ ಮೊದಲ ಪ್ರಶ್ನೆಯೇ "ಬಾಡಿಗೆ ಬಾಕಿ ಇದೆಯೇ?" ಎನ್ನುವುದು. ಇದೆ ಎಂದರೆ ತೇವದ ಕಥೆ ಹಿಂದಕ್ಕೆ ಸರಿಯುತ್ತದೆ, ನಿಮ್ಮನ್ನು ಬಿಡಿಸುವ ಕಥೆ ಮುಂದೆ ಬರುತ್ತದೆ.

ಆರೇಳು ಸಲ ಹೇಳಿದ್ದೀರಿ, ಆದರೆ ಬಾಯಿಮಾತಿನಲ್ಲಿ. ಬರೆಯಿರಿ. ಯಾವ ದಿನ ಮೊದಲು ಕಂಡಿತು, ಯಾವ ಗೋಡೆ, ಎಷ್ಟಗಲ ಹರಡಿದೆ, ಮಗುವಿನ ವೈದ್ಯರು ಏನೆಂದರು, ಯಾವ ದಿನದೊಳಗೆ ಸರಿಪಡಿಸಬೇಕು. ಜೊತೆಗೆ ಫೋಟೊ. 1882ರ ಅದೇ 108ನೇ ಕಲಂನಲ್ಲಿ ಇನ್ನೊಂದು ಮಾತಿದೆ: ಮಾಲೀಕ ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ತಕ್ಕ ಕಾಲದೊಳಗೆ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಕಳೆದುಕೊಳ್ಳುವುದು ಬೇರೆ, ನಿಲ್ಲಿಸುವುದು ಬೇರೆ. ಆದರೆ ಯಾವ ದುರಸ್ತಿ ಯಾರದು ಎಂದು ನಿಮ್ಮ ಕರಾರು ಹೇಳುತ್ತದೆಯೇ ಎಂದು ಮೊದಲು ನೋಡಿ, ಹತ್ತಿರದ ವಕೀಲರೊಬ್ಬರಿಗೆ ಕಾಗದ ತೋರಿಸಿಯೇ ಹೆಜ್ಜೆ ಇಡಿ.

ಬಾಡಿಗೆ ತಡೆಹಿಡಿದು ಗೆದ್ದವರಿಲ್ಲ ಎಂದಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ ಒಂದು ವಸತಿ ಸಮುಚ್ಚಯದವರು ಸುಮಾರು 1500 ಲೋಪಗಳನ್ನು ಪಟ್ಟಿ ಮಾಡಿ ಬಾಡಿಗೆ ತಡೆದಿದ್ದರು. 1970ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ವಾಸಕ್ಕೆ ಯೋಗ್ಯವಾಗಿ ಮನೆಯನ್ನು ಇಟ್ಟುಕೊಡುತ್ತೇನೆ ಎಂಬ ಮಾತು ಕರಾರಿನಲ್ಲಿ ಬರೆದಿರದಿದ್ದರೂ ಪ್ರತಿ ಬಾಡಿಗೆ ಒಪ್ಪಂದದಲ್ಲಿ ಅಡಗಿರುತ್ತದೆ ಎಂದಿತು. ಮನೆ ಯೋಗ್ಯವಾಗಿರುವುದಕ್ಕೂ ಬಾಡಿಗೆ ಕೊಡುವುದಕ್ಕೂ ಗಂಟು ಬಿದ್ದದ್ದು ಆಗ. ಅಲ್ಲಿಯವರೆಗೆ ಬಾಡಿಗೆ ಎಂದರೆ ನೆಲದ ಗುತ್ತಿಗೆ ಇದ್ದಂತೆ, ಮೇಲಿನ ಕಟ್ಟಡ ಹೇಗಾದರೂ ಇರಲಿ ಎನ್ನುವ ಹಳೆಯ ಕೃಷಿಭೂಮಿಯ ಲೆಕ್ಕವೇ ನಡೆಯುತ್ತಿತ್ತು. ಆ ತೀರ್ಪು ಅಲ್ಲಿಯದು. ಅದನ್ನು ನೆಚ್ಚಿ ನೀವು ಇಲ್ಲಿ ಬಾಡಿಗೆ ತಡೆಯಬೇಡಿ.

ಎರಡನೇಮಹಡಿ

ತೇವದಗೋಡೆ ಅವರೇ, ಮಾಲೀಕನಾಗಿ ಒಂದು ಮಾತು. ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಹೊರಗೋಡೆಯ ಬಿರುಕಿನಿಂದಲೋ, ಮೇಲಿನ ಮನೆಯ ಪೈಪಿನಿಂದಲೋ ಬಂದರೆ ಅದು ಮಾಲೀಕರ ಹೊಣೆ. ಒದ್ದೆ ಬಟ್ಟೆಯನ್ನು ಕೋಣೆಯೊಳಗೇ ಒಣಗಿಸಿ, ಕಿಟಕಿ ತೆರೆಯದೆ ಇದ್ದು ಬೂಷ್ಟು ಬಂದರೆ ಆ ಪಾಲು ನಿಮ್ಮದು. ಒಂದು ಸುಲಭ ಪರೀಕ್ಷೆ: ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ತೇವದ ಜಾಗದ ಮೇಲೆ ನಾಲ್ಕೂ ಅಂಚು ಮುಚ್ಚಿ ಅಂಟಿಸಿ. ಎರಡು ದಿನ ಬಿಟ್ಟು ತೆಗೆದು ನೋಡಿ. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಗಾಳಿಯ ತೇವ. ಅದರ ಫೋಟೊವನ್ನೂ ಪತ್ರದ ಜೊತೆ ಕಳುಹಿಸಿ. ಇಷ್ಟು ಸಿದ್ಧತೆ ಮಾಡಿಕೊಂಡು ಬಂದ ಬಾಡಿಗೆದಾರನಿಗೆ "ಮುಂದಿನ ತಿಂಗಳು" ಎನ್ನುವುದು ಯಾವ ಮಾಲೀಕನಿಗೂ ಕಷ್ಟ.

ತೇವದಗೋಡೆ

ಇಂದೇ ಅಂಟಿಸುತ್ತೇನೆ. ಬಾಡಿಗೆಯನ್ನೂ ಕಳುಹಿಸಿಬಿಟ್ಟೆ.

ಮೂರುಕೀಲಿ

ನಮ್ಮ ಮಾಲೀಕರ ಹತ್ತಿರ ಒಂದು ಕೀಲಿಕೈ ಇದೆ. ನಾವು ಇಲ್ಲದಾಗ ಒಳಗೆ ಬಂದು ಹೋಗಿರುತ್ತಾರೆ. ಬಚ್ಚಲಿನ ದೀಪ ಉರಿಯುತ್ತಿತ್ತು, ಆರಿಸಿ ಬಂದೆ ಎಂದು ಸಂಜೆ ಹೇಳುತ್ತಾರೆ. ಕೆಟ್ಟ ಉದ್ದೇಶ ಇಲ್ಲ, ಅದು ನನಗೆ ಗೊತ್ತು. ಆದರೆ ಒಂಟಿಯಾಗಿ ಇರುವ ಹೆಣ್ಣುಮಗಳು ನಾನು. ರಾತ್ರಿ ಬಾಗಿಲು ಹಾಕಿಕೊಂಡ ಮೇಲೂ ಇನ್ನೊಂದು ಕೀಲಿಕೈ ಎಲ್ಲೋ ಇದೆ ಎಂಬ ಅರಿವು ಬಿಡುವುದಿಲ್ಲ. "ನನ್ನ ಮನೆಗೆ ನಾನು ಬರಬಾರದೇ?" ಎಂದು ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಹಳೆಬೀಗ

ಉತ್ತರ ಇದು: ಮನೆ ಅವರದು, ವಾಸ ನಿಮ್ಮದು. ಬಾಡಿಗೆ ಎಂದರೆ ಮನೆಯ ಒಡೆತನವನ್ನಲ್ಲ, ಅದರ ಸ್ವಾಧೀನವನ್ನು ಒಂದು ಕಾಲಾವಧಿಗೆ ಬಿಟ್ಟುಕೊಡುವುದು. ಆ ಅವಧಿಯಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವವರು ನೀವು. ಬಾಡಿಗೆ ಕಟ್ಟುತ್ತಾ ಕರಾರು ಪಾಲಿಸುವಷ್ಟು ಕಾಲ ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸುವ ಹಕ್ಕನ್ನು 108ನೇ ಕಲಂ ನಿಮಗೆ ಕೊಟ್ಟಿದೆ. ತಕ್ಕ ಸಮಯದಲ್ಲಿ ಒಳಗೆ ಬಂದು ಮನೆಯ ಸ್ಥಿತಿ ನೋಡಲು ಮಾಲೀಕರಿಗೆ ಬಿಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ಎರಡೂ ಸರಿ. ಇಂಗ್ಲೆಂಡಿನ 1985ರ ಕಾಯ್ದೆ ಈ ಎರಡರ ನಡುವೆ 24 ಗಂಟೆಯ ಲಿಖಿತ ಸೂಚನೆಯನ್ನು ಇಟ್ಟಿದೆ, ನಮ್ಮ 2021ರ ಮಾದರಿ ಕಾಯ್ದೆಯೂ 24 ಗಂಟೆ ಎನ್ನುತ್ತದೆ. ಬೆಂಕಿ ಬಿದ್ದರೆ, ಪೈಪ್ ಒಡೆದರೆ ಆ ಮಾತು ಬೇರೆ. ದೀಪ ಉರಿಯುವುದು ತುರ್ತು ಅಲ್ಲ.

ಎರಡನೇಮಹಡಿ

ನನ್ನ ಹತ್ತಿರವೂ ಬಾಡಿಗೆ ಮನೆಯ ಒಂದು ಕೀಲಿಕೈ ಇದೆ. ಈಗ ಅದನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಅಂಟಿನ ಮೇಲೆ ಬಾಡಿಗೆದಾರರ ಸಹಿ ಹಾಕಿಸಿ ಇಟ್ಟಿದ್ದೇನೆ. ತುರ್ತಿಗೆ ಒಡೆದರೆ ಅವರಿಗೆ ತಿಳಿಯುತ್ತದೆ. ಮೂರುಕೀಲಿ ಅವರೇ, ನಿಮ್ಮ ಮಾಲೀಕರಿಗೆ ಇದನ್ನು ಹೇಳಿ ನೋಡಿ. ಕೀಲಿಕೈ ಕಿತ್ತುಕೊಂಡಂತೆಯೂ ಆಗುವುದಿಲ್ಲ.

ಬೇವಿನಕಟ್ಟೆ

ನನಗೆ ಅರವತ್ತೆಂಟು ವರ್ಷ, ಯಜಮಾನರು ಇಲ್ಲ. ಕೆಳಗಿನ ಮನೆಯ ಬಾಡಿಗೆಯೇ ನನ್ನ ಔಷಧ, ನನ್ನ ಊಟ. ಮಗಳು ಕೆಲಸ ಬಿಟ್ಟು ನನ್ನ ಜೊತೆ ಇರಲು ಬರುತ್ತಿದ್ದಾಳೆ, ಕೆಳಮನೆ ಬೇಕಾಗಿದೆ. ಹನ್ನೊಂದು ತಿಂಗಳ ಕರಾರು ಮುಗಿದು ಒಂದೂವರೆ ವರ್ಷ ಆಯಿತು. ಹೊಸ ಕರಾರು ಮಾಡಿಲ್ಲ, ಬಾಡಿಗೆ ಬರುತ್ತಿದೆ. ಬಿಡಿ ಎಂದರೆ ಬಿಡುತ್ತಿಲ್ಲ. ನೀರಿನ ವಾಲ್ವ್ ತಿರುಗಿಸಿಬಿಡಿ, ತಾವಾಗಿಯೇ ಹೋಗುತ್ತಾರೆ ಎಂದು ಪಕ್ಕದವರು ಹೇಳುತ್ತಾರೆ. ಮನಸ್ಸು ಒಪ್ಪುತ್ತಿಲ್ಲ.

ಹಳೆಬೀಗ

ಅಮ್ಮಾ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ನೀರು, ವಿದ್ಯುತ್ ತಡೆಯುವುದು, ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು ಯಾವುದನ್ನೂ ಮಾಡಬೇಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಕಾನೂನಿನ ದಾರಿ ಬಿಟ್ಟು ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಮನೆ ಯಾರದು ಎಂಬ ಪ್ರಶ್ನೆಯನ್ನೇ ನ್ಯಾಯಾಲಯ ಅಲ್ಲಿ ಕೇಳುವುದಿಲ್ಲ. ನಿಮ್ಮದೇ ಮನೆಯಲ್ಲಿ ನೀವೇ ಅಪರಾಧಿಯಂತೆ ನಿಲ್ಲಬೇಕಾಗುತ್ತದೆ.

ಹನ್ನೊಂದು ತಿಂಗಳ ಬಗ್ಗೆ ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಜನ ಹನ್ನೊಂದಕ್ಕೆ ನಿಲ್ಲಿಸಿಕೊಂಡರು, ಅಷ್ಟೇ. ಹನ್ನೊಂದು ಮುಗಿದ ಮರುದಿನ ಬಾಡಿಗೆದಾರ ಅತಿಕ್ರಮಣಕಾರ ಆಗುವುದಿಲ್ಲ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ಪಡೆಯುತ್ತಾ ಬಂದದ್ದರಿಂದ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆಯಾಗಿದೆ. ಅದನ್ನು ಮುಗಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಅಡಿ 15 ದಿನಗಳ ಲಿಖಿತ ನೋಟಿಸ್ ಸಾಕು, ಕರಾರಿನಲ್ಲಿ ಹೆಚ್ಚು ದಿನ ಹೇಳಿದ್ದರೆ ಅಷ್ಟು. ಕಡಿಮೆ ಬಾಡಿಗೆಯ ಮನೆಗಳಿಗೆ ರಾಜ್ಯದ ಬಾಡಿಗೆ ಕಾಯ್ದೆ ಅನ್ವಯಿಸಿದರೆ ದಾರಿ ಬೇರೆ, ಮಾಲೀಕರಿಗೆ ಸ್ವಂತಕ್ಕೆ ಮನೆ ಬೇಕಾಗಿರುವುದು ಅಲ್ಲಿಯೂ ಒಪ್ಪುವ ಕಾರಣವೇ. ನೋಟಿಸನ್ನು ವಕೀಲರಿಂದಲೇ ಕಳುಹಿಸಿ. ನಿಮ್ಮ ಬಾಡಿಗೆದಾರರಿಗೆ ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ಗಡುವು ಕೊಡುವ ಮಾತನ್ನೂ ಅದರಲ್ಲಿ ಸೇರಿಸಬಹುದು. ಅದರಿಂದ ನಿಮಗೆ ನಷ್ಟವಿಲ್ಲ, ಬಹಳ ಸಲ ಜಗಳ ಅಲ್ಲಿಗೇ ತೀರುತ್ತದೆ.

ಬೇವಿನಕಟ್ಟೆ

ಇಬ್ಬರು ಮಕ್ಕಳಿದ್ದಾರೆ. ಚಿಕ್ಕವನು ನನ್ನ ಹತ್ತಿರವೇ ಲೆಕ್ಕ ಹೇಳಿಸಿಕೊಳ್ಳುತ್ತಾನೆ. ಗಡುವು ಕೊಡುತ್ತೇನೆ.

ದೂರದಊರು

ಮುಂಗಡದ ವಿಷಯಕ್ಕೆ ಮರಳುತ್ತೇನೆ. ನಾನು ನ್ಯೂಜಿಲೆಂಡಿನಲ್ಲಿ ಬಾಡಿಗೆಗೆ ಇದ್ದೇನೆ. ಇಲ್ಲಿ ಠೇವಣಿ ನಾಲ್ಕು ವಾರದ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಮಾಲೀಕ ಅದನ್ನು 23 ಕೆಲಸದ ದಿನಗಳೊಳಗೆ ಸರ್ಕಾರದಲ್ಲಿ ಇಡಬೇಕು. ಮನೆ ಬಿಡುವಾಗ ಇಬ್ಬರೂ ಸಹಿ ಹಾಕಿದರೆ ದುಡ್ಡು ಹೊರಗೆ ಬರುತ್ತದೆ, ಒಪ್ಪಿಗೆ ಆಗದಿದ್ದರೆ ನ್ಯಾಯಮಂಡಳಿ ನೋಡುತ್ತದೆ. ಇಂಗ್ಲೆಂಡಿನಲ್ಲೂ 2007ರಿಂದ ಮಾನ್ಯತೆ ಪಡೆದ ಯೋಜನೆಯೊಂದರಲ್ಲಿ ಠೇವಣಿಯನ್ನು ಭದ್ರಪಡಿಸಬೇಕು, ತಪ್ಪಿದ ಮಾಲೀಕನಿಗೆ ಠೇವಣಿಯ ಒಂದರಿಂದ ಮೂರು ಪಟ್ಟು ದಂಡ ಬೀಳಬಹುದು. ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆಯ ಮಿತಿ, ಮೂರು ಕಂತಿನಲ್ಲಿ ಕೊಡಬಹುದು, ಮಾಲೀಕ ಅದನ್ನು ತನ್ನ ಹಣದಿಂದ ಬೇರೆಯಾಗಿ ಇಡಬೇಕು, ಬಡ್ಡಿ ಬಾಡಿಗೆದಾರನದು.

ಎಲ್ಲದರ ಹಿಂದೆ ಇರುವ ತಿಳಿವು ಒಂದೇ. ಠೇವಣಿ ಬಾಡಿಗೆದಾರನ ದುಡ್ಡು, ಮಾಲೀಕನ ಕೈಯಲ್ಲಿ ನಂಬಿಕೆಯ ಮೇಲೆ ಇರುವಂಥದ್ದು. ಕೊಟ್ಟ ದಿನವೇ ಅದು ಖರ್ಚಾಗಿಹೋದರೆ, ಹಿಂದಿರುಗಿಸುವ ದಿನ ಯಾವ ಮಾಲೀಕನಿಗೂ ಗೋಡೆಯಲ್ಲಿ ಕಲೆ ಕಾಣಿಸತೊಡಗುತ್ತದೆ.

ಎರಡನೇಮಹಡಿ

ಕೊನೆಯ ಸಾಲು ನನಗೆ ನಾಟಿತು. ನನ್ನ ಮೊದಲ ಬಾಡಿಗೆದಾರರ ಮುಂಗಡವನ್ನು ನಾನು ಮನೆಸಾಲಕ್ಕೆ ಕಟ್ಟಿಬಿಟ್ಟಿದ್ದೆ. ಅವರು ಬಿಟ್ಟಾಗ ಹೊಸಬರು ಬಂದು ಮುಂಗಡ ಕೊಡುವವರೆಗೆ ಎರಡು ತಿಂಗಳು ಕಾಯಿಸಿದೆ. ಅವರು ಒಂದು ಮಾತೂ ಆಡಲಿಲ್ಲ. ಈಗ ಬೇರೆ ಖಾತೆಯಲ್ಲೇ ಇಡುತ್ತೇನೆ.

ಮೀಟರ್‌ಸಂಖ್ಯೆ

ಹತ್ತೊಂಬತ್ತು ವರ್ಷದಲ್ಲಿ ಒಂಬತ್ತು ಬಾಡಿಗೆ ಮನೆ ಬದಲಿಸಿದ್ದೇನೆ. ಮನೆ ಸೇರುವ ದಿನ, ಸಾಮಾನು ಇಳಿಸುವ ಮೊದಲು, ಖಾಲಿ ಮನೆಯಲ್ಲಿ ಒಂದು ಗಂಟೆ ಕಳೆಯುತ್ತೇನೆ. ಬಾಗಿಲಿನಿಂದ ಆರಂಭಿಸಿ ಬಲಗಡೆಯಿಂದ ಸುತ್ತು ಹೊಡೆಯುತ್ತಾ ಪ್ರತಿ ಗೋಡೆ, ಚಾವಣಿ, ನೆಲ, ನಲ್ಲಿ ಬಿಟ್ಟು ನೀರು ಬರುವುದು, ಪ್ರತಿ ಸ್ವಿಚ್ಚು, ಕಿಟಕಿಯ ಚಿಲಕ, ಕೊನೆಗೆ ವಿದ್ಯುತ್ ಮೀಟರಿನ ಸಂಖ್ಯೆ. ಫೋಟೊಗಳನ್ನು ಅದೇ ದಿನ ಮಾಲೀಕರಿಗೆ ಕಳುಹಿಸುತ್ತೇನೆ. ನನ್ನ ಮೊಬೈಲಿನಲ್ಲಿ ಮಾತ್ರ ಇದ್ದರೆ ಅದು ನನ್ನ ನೆನಪು, ಅವರಿಗೂ ತಲುಪಿದರೆ ಇಬ್ಬರ ದಾಖಲೆ. ಬಿಡುವ ದಿನ ಅದೇ ಕ್ರಮದಲ್ಲಿ ಮತ್ತೊಮ್ಮೆ, ಮಾಲೀಕರು ಜೊತೆಗಿರುವಾಗಲೇ. ಒಂಬತ್ತರಲ್ಲಿ ಎಂಟು ಮನೆಗಳ ಮುಂಗಡ ಪೂರ್ತಿ ಬಂತು. ಬರದ ಒಂದು, ಫೋಟೊ ತೆಗೆಯಲು ಕಲಿಯುವುದಕ್ಕೂ ಮೊದಲಿನ ಮನೆ.

ಕಿಟಕಿಬೆಳಕು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹಳೆಬೀಗ ಅವರು ಹೇಳಿದ ಲೆಕ್ಕವನ್ನೇ ಇಟ್ಟು ಮಾಲೀಕರಿಗೆ ಒಂದು ಪುಟದ ಪತ್ರ ಬರೆದೆ. ಬಣ್ಣಕ್ಕೆ ಐದು ವರ್ಷ ತುಂಬಿದೆ, ಮೊಳೆ ತೂತು ಮುಚ್ಚಿಸಿದ ಖರ್ಚನ್ನು ನಾನು ಕೊಡುತ್ತೇನೆ, ನಲ್ಲಿಯ ವಾಷರಿನದ್ದೂ ಕೊಡುತ್ತೇನೆ, ಉಳಿದದ್ದಕ್ಕೆ ರಸೀದಿ ಕಳುಹಿಸಿ, ಇಲ್ಲವೇ ಹಣ ಕಳುಹಿಸಿ ಎಂದೆ. ಒಂದೂ ಬಿರುಸಿನ ಮಾತು ಹಾಕಲಿಲ್ಲ. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಫೋನ್ ಮಾಡಿದರು. ಅವರ ಅಣ್ಣನ ಆಸ್ಪತ್ರೆ ಖರ್ಚಿಗೆ ಹಣ ಹೋಗಿತ್ತಂತೆ, ಹೇಳಲು ಸಂಕೋಚವಾಯಿತಂತೆ. ಮೊದಲೇ ಹೇಳಿದ್ದರೆ ಕಾಯುತ್ತಿದ್ದೆ ಎಂದೆ. ಎರಡು ಕಂತಿನಲ್ಲಿ ಕೊಡುವುದಾಗಿ ಬರೆದು ಕಳುಹಿಸಿದರು, ಮೊದಲನೆಯದು ನಿನ್ನೆ ಬಂತು.

ಹೊಸ ಮನೆಗೆ ಬಂದ ದಿನ ಲಾರಿಯವರನ್ನು ಅರ್ಧ ಗಂಟೆ ಹೊರಗೇ ನಿಲ್ಲಿಸಿ, ಬಲಗಡೆಯಿಂದ ಸುತ್ತು ಹೊಡೆದು 64 ಫೋಟೊ ತೆಗೆದೆ. ಅಡುಗೆಮನೆಯ ಚಾವಣಿಯ ಮೂಲೆಯಲ್ಲಿ ಅಂಗೈ ಅಗಲದ ಹಳದಿ ಕಲೆ ಇತ್ತು. ಅದನ್ನೂ ಕಳುಹಿಸಿದೆ. ರಾತ್ರಿ ಹೊಸ ಮಾಲೀಕರ ಉತ್ತರ ಬಂತು: "ಆ ಕಲೆ ಹಿಂದಿನವರಿದ್ದಾಗಿನದು. ಮಳೆಗಾಲಕ್ಕೆ ಮೊದಲು ಮೇಲಿನ ತಾರಸಿ ನೋಡಿಸುತ್ತೇನೆ."

ತೇವದಗೋಡೆ

ಪ್ಲಾಸ್ಟಿಕ್ ಹಾಳೆಯ ಗೋಡೆಯ ಕಡೆಯ ಮೈ ಒದ್ದೆಯಾಗಿತ್ತು. ಫೋಟೊ ನೋಡಿದ ಮರುದಿನವೇ ಮಾಲೀಕರು ಗಾರೆಯವರನ್ನು ಕರೆತಂದರು. ಹೊರಗೋಡೆಯ ಬಿರುಕು ತುಂಬಿದ್ದಾರೆ, ಒಳಗೆ ಒಣಗಲು ತಿಂಗಳು ಬೇಕಂತೆ. ಮಗುವನ್ನು ಸದ್ಯಕ್ಕೆ ಮುಂದಿನ ಕೋಣೆಯಲ್ಲಿ ಮಲಗಿಸುತ್ತಿದ್ದೇವೆ.